ಕಂದಕ ದಾಟದ ವೀರ

ವೀರ ಮತ್ತೆ ಕಂದಕಕ್ಕೆ ಬಿದ್ದ. ಅಂಗೈಯಗಲದ ಪರದೆಯಲ್ಲಿ ಕಡಲೆಕಾಳಿನಷ್ಟಿದ್ದ ಅವನು ಬೀಳುವುದನ್ನು ಇಂದ್ರೇಶ್ ನೋಡಿದ. ಪಕ್ಕದಲ್ಲಿ ಕೂತಿದ್ದ ಅಕ್ಕ ಮೇಘಶ್ರೀ ಬಗ್ಗಿ ಅವನ ಕೈ ನೋಡಿದಳು.

"ಒತ್ತಿದ್ಯೇನೋ?"

"ಒತ್ತುದ್ನೋ ಇಲ್ವೋ ನಂಗೇ ಗೊತ್ತಾಗಲ್ವಲ್ಲಕ್ಕ."

ಸಂಕಟವೆಲ್ಲ ಅದೇ. ಎರಡು ತಿಂಗಳ ಹಿಂದೆ ಕೊಬ್ಬರಿಗೆಂದು ಕರಟ ಒಡೆಯುವಾಗ ಮಚ್ಚು ಜಾರಿ ಇಂದ್ರೇಶನ ಬಲಗೈ ಹೆಬ್ಬೆರಳಿನ ಬುಡಕ್ಕೇ ಬಿದ್ದಿತ್ತು. ಹಾಸನದಲ್ಲಿ ನರ ಜೋಡಿಸಿ ಹೊಲಿಗೆ ಹಾಕಿದ್ದರು. ಬೆರಳಿಗೆ ಸ್ಪರ್ಶ ಬಂದಿರಲಿಲ್ಲ. ದಿನಾ ಮಡಿಸಿ ಬಿಡಿಸದಿದ್ದರೆ ಸೆಟೆದುಕೊಂಡು ಹಾಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಈ ಮಹಾರಾಯ ಮಾತ್ರ ಕೈಗೆ ಟವೆಲ್ ಸುತ್ತಿಕೊಂಡು ಗೋಡೆ ನೋಡುತ್ತ ಕೂತುಬಿಟ್ಟಿದ್ದ.

ಅರಸೀಕೆರೆ ಬಸ್‌ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಕೋಟೆ ಆಟವನ್ನು ಕೊನೆಯವರೆಗೆ ಆಡಿ ಮುಗಿಸಿದವನು ಇಂದ್ರೇಶ್ ಒಬ್ಬನೇ. ಆ ಆಟದ ಎರಡನೆಯ ಭಾಗ ಕೈಯಲ್ಲಿ ಹಿಡಿದು ಆಡುವಂತೆ ಬಂದಿದೆ ಎಂದು ಕೇಳಿ, ಗಂಡಸಿಯ ಶಾಲೆಯಲ್ಲಿ ಟೀಚರಾಗಿದ್ದ ಮೇಘಶ್ರೀ ಟ್ರೇನಿಂಗಿಗೆ ಬೆಂಗಳೂರಿಗೆ ಹೋದಾಗ ಅಂಗಡಿ ಅಂಗಡಿ ಅಲೆದು ತಂದಿದ್ದಳು. ವೀರನನ್ನು ಹಾರಿಸುವ ಬಟನ್ ಬಲಗಡೆ, ಹೆಬ್ಬೆರಳಿಗೆ ಸಿಗುವಂತಿತ್ತು. ಆಟದ ಆಸೆಗಾದರೂ ಬೆರಳು ಮಡಿಸಲಿ ಎಂಬುದು ಅವಳ ಲೆಕ್ಕಾಚಾರ.

ವೀರ ಇನ್ನೊಮ್ಮೆ ಬಿದ್ದ.

"ಬೆರಳು ಸತ್ತೋಗೈತೆ. ಇನ್ಮೇಲೆ ಎಣ್ಣೆ ಗಿಣ್ಣೆ ತಿಕ್ತೀನಿ ಅಂತ ಯಾರೂ ಬರಬ್ಯಾಡಿ," ಎಂದು ಇಂದ್ರೇಶ್ ಅದನ್ನು ಚಾಪೆಯ ಮೇಲೆ ಎಸೆದ.

ಮೇಘಶ್ರೀ ಎತ್ತಿಕೊಂಡು ತಾನೇ ಆಡಿದಳು. ಕಂದಕದ ಅಂಚಿಗೆ ಬಂದಾಗ ಬಟನ್ ಒತ್ತಿದಳು. ಬಿದ್ದ. ಇನ್ನೂ ಜೋರಾಗಿ ಒತ್ತಿದಳು. ವೀರ ಬಿದ್ದು ತಳ ಸೇರಿದ ಮೇಲೆ ಟಣ್ಣೆಂದು ಹಾರುವ ಸದ್ದು ಬಂತು. ಇಂಥ ದರಿದ್ರ ಆಟ ತಂದೆನಲ್ಲ ಎಂದು ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

"ಇಂದ್ರ, ನಿನ್ನ ಬೆರಳಲ್ಲ ಕಣೋ! ಆಟನೇ ಸರಿಯಿಲ್ಲ. ನಂಗೂ ಹಾರ್ಲಿಲ್ಲ!"

"ಬೇಕಂತ ಬೀಳುಸ್ತಿದ್ದೀಯ. ಆಸ್ಪತ್ರೇಲಿ ಸಣ್ಣ ಗಾಯ ಅಂದೋಳೂ ನೀನೇ."

ಅವನ ಸಮಾಧಾನಕ್ಕೆಂದು ಅವಳು ಹಾಗೆ ಅಂದದ್ದು ನಿಜ. ಅವನು ಟವೆಲ್ಲಿಗೆ ಕೈ ಚಾಚಿದ. ಈಗ ಸುತ್ತಿಕೊಂಡರೆ ಮತ್ತೆ ಬಿಚ್ಚಿಸುವುದು ತನ್ನಿಂದಾಗದು ಎಂದು ಅವಳಿಗೆ ಭಯವಾಯಿತು.

"ಅವ್ವಾ, ಬೇಗ ಬಾ ಇಲ್ಲಿ!"

ಮಹದೇವಮ್ಮ ಸೀರೆಗೆ ಹತ್ತಿದ ನಾರು ಕೊಡವಿಕೊಳ್ಳುತ್ತ ಅಂಗಳದಿಂದ ಬಂದಳು. ಮುಲಾಜಿಗೆ ಒಂದು ಸುಳ್ಳು ಆಡುವ ಹೆಂಗಸಲ್ಲ; ಬೀಗರ ಮನೆಯಲ್ಲೇ ಸಾರಿಗೆ ಉಪ್ಪಿಲ್ಲ ಅಂದು ಬಂದವಳು. ಅದು ಇಂದ್ರೇಶನಿಗೂ ಗೊತ್ತು. ಟವೆಲ್ ಅಲ್ಲೇ ಬಿಟ್ಟು, ಅಕ್ಕನಿಂದ ಆಟ ಇಸಿದುಕೊಂಡು ಎಡಗೈಯಲ್ಲಿ ಹಿಡಿದು ಅವ್ವನ ಮುಂದೆ ಚಾಚಿದ.

"ನಾನು ನಡುಸ್ತೀನಿ. ಈಗ ಅಂದಾಗ ಇದ್ನ ಒತ್ತವ್ವ... ಈಗ!"

ಮಹದೇವಮ್ಮ ಒತ್ತಿದಳು.

"ಒತ್ತುದ್ನಲ್ಲೋ! ಬಿದ್ದೇ ಹೋಯ್ತಲ್ಲ ಮುಂಡೇದು!"

ಅವಳಿಗೆ ಸಿಟ್ಟೇ ಬಂತು. ಕಿತ್ತುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲಿಟ್ಟ ತೆಂಗಿನಕಾಯಿಯನ್ನು ಹೀಗೇ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುವವಳು ಅವಳು.

"ಇದಿನ್ನೂ ಆಗಿಲ್ಲ ಕಣೋ. ಅವಸರಕ್ಕೆ ಅಟ್ಟದಿಂದ ಇಳ್ಸವ್ರೆ," ಎಂದು ಮಗನ ಕೈಗೆ ತುರುಕಿ ಅಂಗಳಕ್ಕೆ ಹೋದಳು.

ಇಂದ್ರೇಶ್ ಅವ್ವ ಹೋದ ದಿಕ್ಕನ್ನೇ ನೋಡಿದ. ಆಮೇಲೆ ಬಲಗೈ ಮೇಲೆತ್ತಿ ಹೆಬ್ಬೆರಳನ್ನು ಬಟನ್ ಮೇಲಿಟ್ಟ.

"ಯಾವನ್ಲಾ ಇದ್ನ ಮಾಡ್ದೋನು? ಎರಡು ಹೆಜ್ಜೆ ಮುಂಚೇನೇ ಒತ್ಬೇಕಾ ನಿಂಗೆ? ತಗೋ!"

ಬಿದ್ದ. ಬಯ್ದ. ಮತ್ತೆ ಒತ್ತಿದ.

ಮೇಘಶ್ರೀ ಪರದೆಯ ಕಡೆ ನೋಡಲಿಲ್ಲ. ಮಾತಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಅವನ ಹೆಬ್ಬೆರಳನ್ನೇ ನೋಡುತ್ತ ಕೂತಳು. ಅವನು ಒಂದೊಂದು ಸಲ ಬಯ್ದಾಗಲೂ ಹೊಲಿಗೆಯ ಕೆಂಪು ಗೆರೆ ಬಿಗಿದು, ಬೆರಳಿನ ಗಂಟು ಒಂದಿಷ್ಟೇ ಮಡಿಚಿಕೊಂಡು, ನಡುಗುತ್ತ ಮತ್ತೆ ಬಿಡಿಸಿಕೊಳ್ಳುತ್ತಿತ್ತು.