ನಾಲಿಗೆ ಮೇಷ್ಟ್ರ ಬರಿ ಸೋಡಾ

ಲೋಟವನ್ನು ಬಾಯಿಗಿಡುವ ಮೊದಲು ಕಿವಿಗಿಡುವ ಮನುಷ್ಯನನ್ನು ನಾನು ಕಂಡದ್ದು ಅವರೊಬ್ಬರನ್ನೇ. ನನ್ನ ಹೋಟೆಲಿನ ಆರು ಮೇಜುಗಳಲ್ಲಿ ಗೋಡೆಗೆ ಒತ್ತಿದ ಕೊನೆಯ ಮೇಜಿಗೆ ಬಂದು, ಕೂರುವ ಮೊದಲೇ "ಬರಿ ಸೋಡಾ" ಎನ್ನುತ್ತಿದ್ದರು. ಸಕ್ಕರೆ ಬೇಡ, ಉಪ್ಪು ಬೇಡ, ನಿಂಬೆ ಬೇಡ, ಐಸೂ ಬೇಡ. ತಂದಿಟ್ಟರೆ ಲೋಟವೆತ್ತಿ, ಗುಳ್ಳೆ ಒಡೆಯುವ ಸದ್ದನ್ನು ಕಣ್ಣು ಮುಚ್ಚಿ ಕೇಳಿ, ಆಮೇಲೆ ಒಂದೊಂದೇ ಗುಟುಕು. ಊಟ ಮುಗಿಯುವ ತನಕ ಮಾತಿಲ್ಲ, ಕತೆಯಿಲ್ಲ. ಎದುರಿನ ಖಾಲಿ ಕುರ್ಚಿಯನ್ನು ಪಕ್ಕದ ಮೇಜಿನವರು ಎಳೆದುಕೊಂಡು ಹೋದರೂ ತಲೆಯೆತ್ತುತ್ತಿರಲಿಲ್ಲ.

ರಸ್ತೆಯಾಚೆ ತಂಪು ಪಾನೀಯದ ಕಾರ್ಖಾನೆ. ಅಲ್ಲಿ ಪಾಕದ ರುಚಿ ನೋಡುವುದು ಅವರ ಕೆಲಸ. ತೊಟ್ಟಿಯಲ್ಲಿ ಸಕ್ಕರೆ, ಬಣ್ಣ, ಸುವಾಸನೆ ಎಲ್ಲ ಬೆರೆತ ಮೇಲೆ ಇವರು ಒಂದು ಚಮಚ ನಾಲಿಗೆಗೆ ಸವರಿಕೊಂಡು, ಉಗಿದು, ರುಜು ಹಾಕಿದರಷ್ಟೇ ಅದು ಬಾಟಲಿಗಿಳಿಯಬೇಕು. ಮೂವತ್ತೊಂದು ವರ್ಷ ಇದೇ ಕಾಯಕ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ನಾಲಿಗೆ ಮೇಷ್ಟ್ರು. ಪಾಕದ ಕೋಣೆಯ ನೆಲ ಸದಾ ಅಂಟು. ಅಲ್ಲಿ ಓಡಾಡಿ ಓಡಾಡಿ, ಒಣ ರಸ್ತೆಯ ಮೇಲೂ ಹಿಮ್ಮಡಿಯನ್ನು ಕಿತ್ತು ಕಿತ್ತು ಇಡುತ್ತಿದ್ದರು. ದೂರದಿಂದ ನೋಡಿದರೆ ಭೂಮಿಯೇ ಅವರನ್ನು ಬಿಡಲೊಲ್ಲದೇನೋ ಅನ್ನಿಸಬೇಕು. ಮೈಮೇಲೆ ಬಿಳಿ ಕೋಟು; ಪೆನ್ನೋ ಕೀಲಿಯೋ ತೊಟ್ಟಿಗೆ ಜಾರೀತೆಂದು ಅದರ ಜೇಬುಗಳನ್ನೆಲ್ಲ ತಾವೇ ಹೊಲಿದು ಮುಚ್ಚಿದ್ದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅದನ್ನು ಮುಚ್ಚಿಡುವಷ್ಟು ಓದೂ ನನಗಿಲ್ಲ. ಮೊದಮೊದಲಿಗೆ ಒಂದು ಮಧ್ಯಾಹ್ನ, ನೂಕುನುಗ್ಗಲಿನ ನಡುವೆ, ಕೇಳಿಯೇಬಿಟ್ಟೆ: "ಅಲ್ರೀ, ಇಷ್ಟೊಂದು ಬಗೆ ಇಟ್ಟಿದೀನಿ. ನಿಮಗೆ ಗಾಳಿ ತುಂಬಿದ ನೀರೇ ಆಗ್ಬೇಕಾ?"

"ನಿಮ್ಮಲ್ಲಿ ಲೋಟಕ್ಕೆ ವಾಸನೆ ಇರಲ್ಲ, ಅದಕ್ಕೇ ಬರ್ತೀನಿ ಅಂತ ಇಟ್ಕೊಳ್ಳಿ. ಆದ್ರೆ ಮೊನ್ನೆಯಿಂದ ಸೋಪು ಬೇರೆ."

ಸೋಪು ಬದಲಾಯಿಸಿದ್ದು ಹೌದು. ಗಲ್ಲಾದಲ್ಲಿದ್ದ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ಅಂದಿನಿಂದ ನನಗೆ ಅವರ ಮೇಲೆ ಸಿಟ್ಟೂ ಗೌರವವೂ ಸರಿಸಮ.

ಒಮ್ಮೆ ಕಾರ್ಖಾನೆಯ ಮಾರಾಟದವರು ಮೂರು ಮೇಜು ಕೂಡಿಸಿ ಊಟಕ್ಕೆ ಕೂತರು. ಎಲ್ಲರ ಮುಂದೆಯೂ ತಮ್ಮದೇ ಕಾರ್ಖಾನೆಯ ಕೆಂಪು, ಹಳದಿ, ಕಿತ್ತಳೆ. ಮೇಷ್ಟ್ರ ಮುಂದೆ ಬರಿ ಸೋಡಾ. ಒಬ್ಬ ದಪ್ಪ ಮೀಸೆಯವನು ಕೂಗಿದ: "ಏನ್ ಮೇಷ್ಟ್ರೇ, ಹೆತ್ತವಳೇ ಮಗು ಎತ್ಕೊಳ್ಳಲ್ಲ ಅಂದ್ರೆ ಊರವರು ಎತ್ಕೊಳ್ತಾರಾ?"

"ಅದು ಎಷ್ಟು ಭಾರ ಅಂತ ಹೆತ್ತವಳಿಗೆ ಗೊತ್ತಿರುತ್ತಪ್ಪಾ," ಎಂದರು. ಎಲ್ಲರೂ ಗೊಳ್ಳೆಂದರು. ಅವರು ನಗಲಿಲ್ಲ. ನಾಳೆ ಬೆಳಗಿನ ಚಮಚಕ್ಕೆ ಇಂದಿನ ನಾಲಿಗೆ ಶುದ್ಧವಿರಬೇಕೆಂಬ ವ್ರತ ಅದು ಎಂದು ನನಗೆ ಅರ್ಥವಾದದ್ದು ನಿಧಾನವಾಗಿ. ಕಾಫಿ-ಟೀ ಇಲ್ಲ, ಖಾರವಿಲ್ಲ, ಎಲೆಯಡಿಕೆ-ಬೀಡಿಯ ಚಟವಿಲ್ಲ. ನಾಲ್ಕು ಜನ ಸೇರುವ ಯಾವ ನೆಪವೂ ಅವರಿಗಿರಲಿಲ್ಲ.

ಆ ವರ್ಷ ಕಾರ್ಖಾನೆ ಬಣ್ಣವೇ ಇಲ್ಲದ ಸಿಹಿ ಪಾನೀಯವೊಂದನ್ನು ಹೊರತಂದಿತು. ಬಾಟಲಿ ಸೋಡಾ ಬಾಟಲಿಯದೇ ಅಚ್ಚು, ಮುಚ್ಚಳ ಮಾತ್ರ ಬೇರೆ. ಕೆಲಸದ ಗಡಿಬಿಡಿಯಲ್ಲಿ ನಾನೇ ಅದನ್ನು ಲೋಟಕ್ಕೆ ಸುರಿದು ಅವರ ಮುಂದಿಟ್ಟಿದ್ದೆ. ಮುಚ್ಚಳ ನೋಡಿ ಹೆಂಡತಿ ಹಣೆ ಚಚ್ಚಿಕೊಂಡಳು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ಓಡಿದರೆ, ಲೋಟ ಬರಿದಾಗಿತ್ತು. ಅವರು ಶಾಂತವಾಗಿ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ಅದು ಸಿಹಿ!" ಎಂದು ಅರಚಿದೆ.

ಮುಖ ಸುಣ್ಣವಾಯಿತು. ಲೋಟದ ತಳಕ್ಕೆ ಬೆರಳು ಹಾಕಿ ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ಆಮೇಲೆ ನನ್ನ ಕೈ ಹಿಡಿದು ಎದುರಿನ ಕುರ್ಚಿಗೆ ಎಳೆದರು.

"ಮೆಲ್ಲಗೆ. ಆಚೆ ಮೇಜಲ್ಲಿ ನಮ್ಮವರಿದ್ದಾರೆ."

ಎರಡು ತಿಂಗಳ ಹಿಂದೆ ಜ್ವರ ಬಂದು ಹೋಗಿತ್ತಂತೆ. ಹೋಗುವಾಗ ರುಚಿಯನ್ನೂ ವಾಸನೆಯನ್ನೂ ಕೊಂಡೊಯ್ದಿತ್ತು. ಪಾಕದ ಬಣ್ಣ, ಧಾರೆಯ ದಪ್ಪ, ಮೂವತ್ತೊಂದು ವರ್ಷದ ಅಭ್ಯಾಸ, ಇಷ್ಟನ್ನೇ ನಂಬಿ ರುಜು ಹಾಕುತ್ತಿದ್ದರು. ಗೊತ್ತಾದರೆ ಕೆಲಸ ಹೋಗುತ್ತದೆ. ಆ ಕೆಲಸ ಬಿಟ್ಟರೆ ಅವರ ಬಳಿ ಹೇಳಿಕೊಳ್ಳಲು ಇನ್ನೇನೂ ಇಲ್ಲ.

"ಮತ್ತೆ ಈ ಸೋಡಾ ಯಾತಕ್ಕೆ ಈಗ?"

"ಚುಚ್ಚುತ್ತಲ್ಲ. ಅದೊಂದು ಇನ್ನೂ ಗೊತ್ತಾಗುತ್ತೆ."

ಆ ಮಾತಿಗೆ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಮರುದಿನದಿಂದ ಅವರು ಹೆಬ್ಬೆರಳಿನಷ್ಟು ಸೀಸೆಯಲ್ಲಿ ಪಾಕ ತರುವುದು, ನಾನು ಅಡುಗೆಮನೆಯ ಹಿಂದೆ ನಿಂತು ಅವರ ಬದಲು ಸವರಿ ನೋಡುವುದು. ವಾಪಸು ಹೋಗಿ ರುಜು ಹಾಕುತ್ತಿದ್ದರು. "ಚೆನ್ನಾಗಿದೆ" ಎಂದರೆ ರೇಗುತ್ತಿದ್ದರು: "ಚೆನ್ನಾಗಿದೆ ಅನ್ನೋದು ಒಂದು ರುಚೀನೇನ್ರೀ? ಮುಂದೆ ಸಿಹಿಯೋ, ಹಿಂದೆ ಸಿಹಿಯೋ ಹೇಳಿ." ನನಗೇ ಬೈಯುವವರು ಸಿಕ್ಕಿದರೆಂದು ಹೆಂಡತಿಗೆ ಪರಮಾನಂದ.

ಹದಿನೆಂಟನೆಯ ದಿನವಿರಬೇಕು. ಮ್ಯಾನೇಜರ್ ಅವಸರ ಮಾಡಿದ್ದರಿಂದ ರುಜು ಮೊದಲೇ ಹಾಕಿ ಬಂದಿದ್ದರು. ನಾನು ನಾಲಿಗೆಗಿಟ್ಟವನೇ ಉಗಿದೆ.

"ತುಕ್ಕು. ಹಳೇ ಮೊಳೆ ಚೀಪಿದ ಹಾಗಿದೆ."

"ಖಂಡಿತಾನಾ?"

"ನಮ್ಮಮ್ಮನಾಣೆ. ಇರ್ಲಿ ಬಿಡಿ ಮೇಷ್ಟ್ರೇ, ಇಷ್ಟೇ ಇಷ್ಟು. ಯಾರಿಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಾಯ್ತಲ್ಲ," ಎಂದವರೇ ಊಟದ ತಟ್ಟೆಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದರು.

ಬಾಟಲಿ ತುಂಬುವ ಯಂತ್ರ ನಿಂತಿತು. ತೊಟ್ಟಿಯೊಳಗಿನ ಒಂದು ತಿರುಪು ತುಕ್ಕು ಹಿಡಿದು ಕರಗುತ್ತಿತ್ತಂತೆ. ಇಡೀ ತೊಟ್ಟಿಯನ್ನು ಚರಂಡಿಗೆ ಬಿಟ್ಟರು. ಅದರ ಜೊತೆಗೇ ಮೇಷ್ಟ್ರು ತಮ್ಮ ನಾಲಿಗೆಯ ವಿಷಯವನ್ನೂ ಮ್ಯಾನೇಜರ ಮುಂದೆ ಸುರಿದುಬಿಟ್ಟಿದ್ದರು. ಮರುದಿನ ಆ ಕೋಣೆಗೆ ಬೇರೊಬ್ಬರು ಬಂದರು.

ನಾನು ಬೆಂಕಿಯಾದೆ. "ಇನ್ನೊಂದ್ಸಲ ರುಚಿ ನೋಡ್ದೆ, ನಂಗೇ ಗೊತ್ತಾಯ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ?"

"ನಾಳೇನೂ ಒಂದು ತೊಟ್ಟಿ ಇರುತ್ತಲ್ಲ," ಎಂದರು.

ಹಾಗಿದ್ದರೆ ನಿಮ್ಮ ಹೆಂಡತಿ ಇರುವಲ್ಲಿಗಾದರೂ ಹೋಗಿ ಎಂದೆ. ಅಡುಗೆಮನೆಯ ಹಿಂದೆ ಸೀಸೆ ಹಿಡಿದು ನಿಂತ ದಿನಗಳಲ್ಲಿ ಅವರೇ ಹೇಳಿದ್ದಂತೆ, ಆಕೆ ಬೇರೆ ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು, ಒಂಬತ್ತು ವರ್ಷದಿಂದ. ಜಗಳ ದೊಡ್ಡದೇನಲ್ಲ. ಇಪ್ಪತ್ತು ವರ್ಷ ಬಡಿಸಿದ ಅಡುಗೆಗೆ ಇವರು 'ಉಪ್ಪು ಒಂದು ಕಲ್ಲು ಹೆಚ್ಚು', 'ಹುಳಿ ಹಿಂದೆ ಬಿತ್ತು' ಎಂದಿದ್ದರೇ ಹೊರತು, ಚೆನ್ನಾಗಿದೆ ಎಂದಿರಲಿಲ್ಲ. "ನಿಮ್ಮೆದುರು ಕೂತ್ರೆ ಪರೀಕ್ಷೆಗೆ ಕೂತ ಹಾಗಾಗುತ್ತೆ," ಎಂದು ಹೇಳಿ ಹೋದ ಹೆಂಗಸು.

"ಈಗೇನು ಕಷ್ಟ? ಹೋಗಿ ಕೂತು, ಏನು ಹಾಕಿದ್ರೂ ಚೆನ್ನಾಗಿದೆ ಅನ್ನಿ."

ಸೋಡಾ ಲೋಟವನ್ನು ಕಿವಿಯಿಂದ ಇಳಿಸಿ ಮೇಜಿನ ಮೇಲಿಟ್ಟರು. "ರುಚಿ ಇದ್ದಾಗ ಅನ್ನಲಿಲ್ಲ. ಈಗ ಅಂದ್ರೆ ಅವಳಿಗೆ ಮೋಸ ಅಲ್ವಾ?"

ಹೋಗಲಿಲ್ಲ. ಒಂದು ವಾರ ಬಂದರು, ಆಮೇಲೆ ಬರಲಿಲ್ಲ. ಮನೆ ಖಾಲಿ ಮಾಡಿದರೆಂದು ಕೇಳಿದೆ.

ಇಂಥವರು ಎಲ್ಲ ಕಸುಬಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ನಾವು ಕಣ್ಣು ಮುಚ್ಚಿ ಕುಡಿಯುವುದು, ಉಣ್ಣುವುದು, ಸೇತುವೆ ದಾಟುವುದು ಅವರಿದ್ದಾರೆಂಬ ಧೈರ್ಯದಿಂದ. ಆದರೆ ಅವರ ಪಕ್ಕದಲ್ಲಿ ಕೂತು ಎರಡು ತುತ್ತು ಉಣ್ಣುವ ಧೈರ್ಯ ನಮಗಿಲ್ಲ. ಪ್ರೀತಿಗೆ ಎಷ್ಟು ಸುಳ್ಳು ಬೆರೆಸಬೇಕೆಂಬ ಹದ ಅವರಿಗೆ ಯಾರೂ ಕಲಿಸಿರುವುದಿಲ್ಲ. ನಾನು ಹೆಂಡತಿಯ ಅಡುಗೆಗೆ ದಿನಕ್ಕೆರಡು ಸಲ ಆ ಸುಳ್ಳು ಹೇಳುತ್ತೇನೆ, ಅವಳು ನನ್ನ ಸಿಟ್ಟಿಗೆ ಒಂದು ಸಲ. ನಮ್ಮ ಮನೆಯಲ್ಲಿ ಊಟಕ್ಕೆ ಎದುರುಬದುರು ಎರಡು ತಟ್ಟೆ ಇಡುವುದು ಅದರಿಂದಲೇ.