ಐದನೆಯ ಚೀಟಿ

ಸಿಗಾರಿನ ತುದಿ ಕಚ್ಚಿಯೂ ಗೊತ್ತಿಲ್ಲದವರು ಸಿಗಾರ್ ರುಚಿಗಾರನ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಕೇಳಿದ್ದನ್ನು ಕೇಳಿದ ಹಾಗೆ ಹೇಳುವ ಪ್ರಯತ್ನ ಇದು. ಕಸುಬು ಬಲ್ಲವರು ತಪ್ಪು ಕಂಡರೆ ಮನ್ನಿಸಬೇಕು.

ಅವನು ಐದನೆಯ ಸಿಗಾರನ್ನು ಹೊತ್ತಿಸಿದಾಗ ಬೆಳಗಿನ ಹತ್ತೂವರೆ. ಮೇಜಿನ ಮೇಲೆ ಬಿಸಿನೀರಿನ ಲೋಟ, ಸಕ್ಕರೆ ಹಾಕದ ಚಹಾ, ಬೂದಿಯ ತಟ್ಟೆ, ಚೀಟಿಗಳ ಕಟ್ಟು. ರುಚಿಕೋಣೆಗೆ ಬರುವ ಸಿಗಾರುಗಳಿಗೆ ಹೆಸರಿರುತ್ತಿರಲಿಲ್ಲ. ಕೊರಳಿಗೆ ಬರೀ ಒಂದು ಸಂಖ್ಯೆ. ಮೂರನೇ ಒಂದು ಭಾಗ ಸೇದಬೇಕು, ಚೀಟಿಯಲ್ಲಿ ಎಳೆತ, ಉರಿ, ಬೂದಿ, ಖಾರ, ಘಮ ಎಂಬ ಐದು ಸಾಲು ತುಂಬಬೇಕು. ಆ ದಿನದ ಮಾಲು ಕಾರ್ಖಾನೆ ಅದುವರೆಗೆ ಮಾಡಿದ್ದರಲ್ಲೆಲ್ಲ ಖಡಕ್ಕಾದದ್ದು, ಬೆಲೆಯಲ್ಲೂ ಮೇಲಿನದು. ಗಿಡದ ನೆತ್ತಿಯ ಎಲೆ, ಐದು ವರ್ಷ ಮಾಗಿದ್ದು. ಎರಡನೆಯದು ಮುಗಿಯುವಷ್ಟರಲ್ಲೇ ಅವನ ನಾಲಗೆ ಮರದ ಚಮಚದಂತಾಗಿತ್ತು.

ಮೊದಲ ನಾಲ್ಕು ಸಾಲು ಅವನಿಗೆ ನೀರು ಕುಡಿದಷ್ಟು ಸಲೀಸು. ಐದನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಎಂಟು ತಿಂಗಳ ಹಿಂದೆ ಬಂದ ಜ್ವರವೊಂದು ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಇಪ್ಪತ್ತೆರಡು ವರ್ಷದ ನೆನಪಿನಿಂದ ಒಂದೊಂದೇ ಪದ ಹೆಕ್ಕಿ ಬರೆಯುತ್ತಿದ್ದ: ಹಳೇ ಚರ್ಮ, ಒಣಮಣ್ಣು, ಕಹಿ ಚಾಕಲೇಟು. ಪದಗಳು ಇದ್ದಲ್ಲೇ ಇದ್ದವು. ಅವುಗಳ ಹಿಂದೆ ಯಾರೂ ಇರಲಿಲ್ಲ.

ಕುರ್ಚಿಯ ಚಿಂತೆಗಿಂತ ದೊಡ್ಡದೊಂದು ಮನೆಯಲ್ಲಿತ್ತು. ಅವನ ತಾಯಿ ಇದೇ ಕಾರ್ಖಾನೆಯಲ್ಲಿ ತಂಬಾಕಿನ ಎಲೆಯ ನಾರು ಬಿಡಿಸುತ್ತಿದ್ದವಳು. ಅವಳು ತೀರಿಕೊಂಡ ಮೇಲೆ ಅವಳ ಕೆಲಸದ ಏಪ್ರನ್ನನ್ನು ಒಗೆಯದೆ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ವರ್ಷಕ್ಕೊಂದೋ ಎರಡೋ ಸಲ ಮುಚ್ಚಳ ತೆಗೆದು, ಮುಖವಿಟ್ಟು, ತಕ್ಷಣ ಮುಚ್ಚುತ್ತಿದ್ದ. ಜ್ವರದ ನಂತರ ತೆಗೆದಿರಲಿಲ್ಲ. ತೆಗೆದಷ್ಟೂ ಅವಳ ವಾಸನೆ ಖಾಲಿಯಾಗುತ್ತದೆ, ಅದೂ ತನಗೆ ಗೊತ್ತೇ ಆಗದ ಹಾಗೆ ಎಂಬ ಭಯ.

ಐದನೆಯ ಚೀಟಿಯಲ್ಲಿ 'ದೇವದಾರು, ತೆಳು ಸಿಹಿ' ಎಂದು ಬರೆದು ಕೊಟ್ಟ.

ಸಿಗಾರಿಗೆ ಎಲೆಗಳ ಮಿಶ್ರಣ ಕೂಡಿಸುವಾಕೆಯನ್ನು ಇಡೀ ಕಾರ್ಖಾನೆ ದೊಡ್ಡಮ್ಮ ಎನ್ನುತ್ತಿತ್ತು. ಇವನಿಗೆ ಸೇದುವುದನ್ನು ಕಲಿಸಿದವಳೂ ಅವಳೇ, ತಾಯಿಯ ಪಕ್ಕದ ಮಣೆಯಲ್ಲಿ ಕೂತು ಎಲೆ ಬಿಡಿಸಿದವಳೂ ಅವಳೇ. ಚೀಟಿಗಳನ್ನು ಕನ್ನಡಕದ ಕೆಳಗಿನಿಂದ ಓದಿದಳು. ಎರಡನ್ನು ಪಕ್ಕಕ್ಕಿಟ್ಟಳು.

"ಅವಳಿ ಮಕ್ಕಳಿಗೆ ಇಬ್ಬರು ಅಪ್ಪಂದಿರನ್ನ ಹುಡುಕಿ ಕೊಟ್ಟಿದೀಯಲ್ಲೋ, ಪುಣ್ಯಾತ್ಮ!"

ಅವನಿಗೆ ತಟ್ಟನೆ ಅರ್ಥವಾಯಿತು. ಜೋಡಿ ಇಟ್ಟಿದ್ದಾಳೆ. ಒಂದೇ ಸಿಗಾರಿಗೆ ಎರಡು ಸಂಖ್ಯೆ ಕೊಟ್ಟು ರುಚಿಗಾರರನ್ನು ಆಗಾಗ ಪರೀಕ್ಷಿಸುವುದು ಅಲ್ಲಿನ ವಾಡಿಕೆ. ಎಂಟು ತಿಂಗಳಿಂದ ತೂಕ, ಎಳೆತ, ಬೂದಿಯ ಬಣ್ಣ ನೋಡಿಯೇ ಜೋಡಿಯನ್ನು ಹಿಡಿಯುತ್ತಿದ್ದ. ಇವತ್ತು ಖಾರ ತಲೆಗೇರಿ, ಹಿಡಿಯುವುದು ಮರೆತಿತ್ತು.

"ಎರಡೂ ಐದೂ ಒಂದೇ ಕಣೋ. ಅಲ್ಲಿ ಕಹಿ ಚಾಕಲೇಟು, ಇಲ್ಲಿ ದೇವದಾರು. ನೆಗಡಿನಾ?"

ಹೌದು ಎಂದಿದ್ದರೆ ಆ ದಿನ ದಾಟಿಹೋಗುತ್ತಿತ್ತು. ಬಾಯಿ ಅದನ್ನೇ ಹೇಳಲು ತೆರೆಯಿತು ಕೂಡ.

"ಇಲ್ಲ. ಎಂಟು ತಿಂಗಳಾಯ್ತು."

ದೊಡ್ಡಮ್ಮ ಕನ್ನಡಕ ತೆಗೆದಳು. ಬೈಯಲಿಲ್ಲ. ಆರಲು ಬಿಟ್ಟಿದ್ದ ಐದನೆಯ ಸಿಗಾರನ್ನು ಅವನ ಕಡೆ ತಳ್ಳಿ, "ಹಚ್ಚು. ಸಿಕ್ಕಿದಷ್ಟನ್ನೇ ಹೇಳು. ಸಿಗದೇ ಇರೋದಕ್ಕೆ ಕವಿತೆ ಕಟ್ಟಬೇಡ" ಎಂದಳು.

ಅವನು ಎಳೆದ. "ಎಳೆತ ಹಿತ. ನಾಲಗೆ ತುದೀಲಿ ಏನಿಲ್ಲ, ಪಕ್ಕದಲ್ಲಿ ಚುರುಚುರು. ಗಂಟಲಲ್ಲಿ ಬಿಸಿ, ಉರಿ ಅಲ್ಲ." ಹೊಗೆಯನ್ನು ನಿಧಾನವಾಗಿ ಮೂಗಿನಿಂದ ಬಿಟ್ಟ. ಕಣ್ಣಲ್ಲಿ ನೀರು ತುಂಬಿತು. "ಎರಡು ಹುಬ್ಬಿನ ನಡುವೆ ಸೂಜಿ. ಕರಿಮೆಣಸು ಜಜ್ಜಿದ ಹಾಗೆ. ನಾಲ್ಕು ಎಣಿಸೋಷ್ಟರಲ್ಲಿ ಇಳಿಯುತ್ತೆ. ಆಮೇಲೆ..."

"ಆಮೇಲೆ?"

ಚುಚ್ಚುವಿಕೆ ಇಳಿದ ಜಾಗದಲ್ಲಿ ಏನೋ ಹಾದುಹೋಗಿತ್ತು. ಒದ್ದೆ ಎಲೆ, ಬಟ್ಟೆ ಸೋಪು, ಸಂಜೆ ಐದರ ಬೆವರು, ಕೆಲಸ ಮುಗಿಸಿ ಬಂದವಳ ಮಡಿಲು. ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಅವನು ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಬರೀ ಸೂಜಿ.

"ಆಮೇಲೆ ಏನಿಲ್ಲ."

ಅವಳು ಹೊಸ ಚೀಟಿ ಮುಂದಿಟ್ಟಳು. ನಾಲ್ಕು ಸಾಲು ತುಂಬಿ, ಘಮದ ಮುಂದೆ ಅವನು 'ಗೊತ್ತಾಗಲಿಲ್ಲ' ಎಂದು ಬರೆದ. ಅಕ್ಷರ ಎಂದಿಗಿಂತ ದುಂಡಗೆ ಬಂತು.

"ನಾಳೆಯಿಂದ ಎಲೆ ಗೋದಾಮಿಗೆ ಬಾ. ಕೈ ಚೆನ್ನಾಗಿದೆ ನಿಂದು, ನಿಮ್ಮಮ್ಮಂದೇ."

"ಮೂಗು ವಾಪಸ್ ಬಂದ್ರೆ?"

"ಬಂದ್ರೆ ಕುರ್ಚಿಗೇನು ಕಾಲು ಬಂದು ಓಡಿಹೋಗುತ್ತಾ? ಎದ್ದೇಳು."

ಮಧ್ಯಾಹ್ನವೇ ಮನೆಗೆ ಬಂದವನನ್ನು ಕಂಡು, ಬಟಾಣಿ ಸುಲಿಯುತ್ತಿದ್ದ ಹೆಂಡತಿ ತಟ್ಟೆ ಕೆಳಗಿಟ್ಟಳು. ಅವನು ಕುರ್ಚಿಯ ಸುದ್ದಿ ಎರಡೇ ಮಾತಲ್ಲಿ ಹೇಳಿ, ಕಪಾಟಿನ ಮೇಲಿನ ಡಬ್ಬಿಗೆ ಕೈ ಚಾಚಿದ.

"ಅಯ್ಯೋ, ಆ ಶರಟಲ್ಲೇ ಮುಟ್ಟಬೇಡಿ. ಹೊಗೆ ಹೊತ್ಕೊಂಡು ಬಂದಿದೀರಿ."

ಶರಟು ಬಿಚ್ಚಿಟ್ಟು ಮೂರು ಸಲ ಕೈ ತೊಳೆದ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದ. ನೀಲಿ ಏಪ್ರನ್ನು, ಜೇಬಿನ ಹತ್ತಿರ ಎಲೆಯ ಕಂದು ಕಲೆ. ಮುಖವಿಟ್ಟ. ಬಟ್ಟೆ ಒರಟಾಗಿತ್ತು, ತಣ್ಣಗಿತ್ತು. ಅಷ್ಟೇ. ಕಾಯ್ದ. ಬೆಳಗ್ಗೆ ಹಾದುಹೋದದ್ದು ಮತ್ತೆ ಹಾಯಲಿಲ್ಲ.

ಡಬ್ಬಿಯನ್ನು ಹೆಂಡತಿಯ ಕಡೆ ಹಿಡಿದ. "ನೋಡು. ಇದೆಯಾ?"

ಅವಳು ಬಟಾಣಿ ಸುಲಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಗ್ಗಿದಳು. ಬಗ್ಗಿಯೇ ಸ್ವಲ್ಪ ಹೊತ್ತು ಇದ್ದಳು.

"ಇದೆ."

"ಹೇಗಿದೆ?"

ಅವಳು ಪದಕ್ಕಾಗಿ ತಡಕಾಡಿದಳು. ಅದು ಅವಳ ಕಸುಬಲ್ಲ.

"ಹೇಗೆ ಅಂದ್ರೆ... ಅತ್ತೆ ಥರಾನೇ ಇದೆ."

ಅವನು ತಕ್ಷಣ ಮುಚ್ಚಳ ಒತ್ತಿದ. ನಾಲ್ಕೂ ಮೂಲೆಗೆ ಹೆಬ್ಬೆರಳಿಟ್ಟು, ಮತ್ತೊಮ್ಮೆ ಒತ್ತಿದ.

ಆ ಏಪ್ರನ್ನಿನಲ್ಲಿ ನಿಜಕ್ಕೂ ಏನಾದರೂ ಉಳಿದಿತ್ತೇ, ಅಥವಾ ಅವಳು ಅವನ ಮುಖ ನೋಡಿ ಹಾಗೆಂದಳೇ, ಗೊತ್ತಿಲ್ಲ. ಅವನೂ ಕೇಳಲಿಲ್ಲವಂತೆ.