ಆಶಾರಾಣಿ ಕಲಿತ ವಿದ್ಯೆ

ಮೇ ತಿಂಗಳಲ್ಲಿ, ಬಸ್ಸಿನ ಸರಳು ಮುಟ್ಟಿದರೆ ಅಂಗೈ ಚುರುಗುಟ್ಟುವ ಬಿಸಿಲಿನಲ್ಲಿ, ಮೊಣಕೈ ಸವೆದ ಕಂದು ಸ್ವೆಟರೊಂದನ್ನು ತೋಳಿಗೆ ಹಾಕಿಕೊಂಡು ಹೆಂಗಸೊಬ್ಬಳು ಹರಿಹರದಿಂದ ದಾವಣಗೆರೆಗೆ ಬಂದು ಇಳಿದಳೆಂದರೆ ಅವಳು ಆಶಾರಾಣಿಯೇ. ಹಗಲು ಅವಳು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ ಕಂಪ್ಯೂಟರ್ ಕೋಣೆಯೂ, ಸಂಜೆ ಪಾಠ ಕೇಳುತ್ತಿದ್ದ ಕಾಲೇಜಿನ ಲ್ಯಾಬೂ ಯಂತ್ರಗಳ ಕ್ಷೇಮಕ್ಕಾಗಿ ಮೈ ನಡುಗುವಷ್ಟು ತಣ್ಣಗಿರುತ್ತಿದ್ದವು. ನಡೆಯುವಾಗ ಎಡಭುಜ ಸ್ವಲ್ಪ ಮುಂದೆ. ವರ್ಷಗಟ್ಟಲೆ ಕಿಕ್ಕಿರಿದ ಬಸ್ಸುಗಳಲ್ಲಿ ದಾರಿ ಮಾಡಿಕೊಂಡವಳು ಖಾಲಿ ರಸ್ತೆಯಲ್ಲೂ ಹಾಗೆಯೇ ನುಗ್ಗುತ್ತಿದ್ದಳು. ಮಾತು ಕಡಿಮೆ. ಇದ್ದ ನಾಲ್ಕು ಮಾತಿನಲ್ಲಿ ಒಂದು, “ತೆಗ್ದು ತೋರ್ಸ್ರಿ.” ಗ್ಯಾಸಿನ ಪುಸ್ತಕ ಬೀರುವಿನಲ್ಲೇ ಐತೆ ಎಂದು ಗಂಡ ಪರಶುರಾಮ ಹೇಳಿದರೆ ಅವನಿಗೂ ಅದೇ ಮಾತು.

ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು ವಿದ್ಯಾರ್ಥಿನಿಯಾದದ್ದು ಇಷ್ಟಪಟ್ಟಲ್ಲ. ಹದಿನಾರು ವರ್ಷ ದುಂಡನೆಯ ಅಕ್ಷರಗಳಲ್ಲಿ ರೋಗಿಗಳ ದಾಖಲೆ ಬರೆದಿದ್ದಳು. ಆಸ್ಪತ್ರೆಗೆ ಕಂಪ್ಯೂಟರು ಬಂದು, ಪುಸ್ತಕಗಳನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ವ್ಯವಸ್ಥಾಪಕ ರುದ್ರಮುನಿ, “ಕಲೀರಿ. ಇಲ್ಲಾಂದ್ರೆ ಕಲಿತೋರನ್ನ ನಿಮ್ಮ ಜಾಗಕ್ಕೆ ತರ್ತೀವಿ” ಎಂದಿದ್ದರು. ಹಾಗೆ ಸೇರಿದ್ದು ಕಂಪ್ಯೂಟರ್ ಸಿಸ್ಟಮ್ಸ್ ಮ್ಯಾನೇಜ್‌ಮೆಂಟಿನ ಎರಡು ವರ್ಷದ ಪಾರ್ಟ್‌ಟೈಮ್ ಡಿಪ್ಲೊಮಾಕ್ಕೆ. ಕೆಲಸ ಮುಗಿದ ಮೇಲೆ ಎರಡು ಗಂಟೆ, ಭಾನುವಾರ ಇಡೀ ದಿನ. ಜೊತೆಯ ಹುಡುಗ ಹುಡುಗಿಯರು ಆಂಟಿ ಎನ್ನುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವಳಾದ ಅಧ್ಯಾಪಕಿ ಕೃತಿಕಾ ಮಾತ್ರ ಮೇಡಂ ಎನ್ನುತ್ತಿದ್ದಳು. ಮೊದಮೊದಲು ಕೀಲಿಮಣೆಯ ಮೇಲೆ ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುತ್ತಿದ್ದಳು. ಯಾವುದನ್ನು ಯಾರು ನೋಡಬಹುದು, ಎಲ್ಲಿಡಬೇಕು, ಹಾಳಾದರೆ ಹೇಗೆ ಮರಳಿ ಪಡೆಯಬೇಕು ಎಂಬ ಪಾಠಗಳು ಬಂದಾಗ, ತಾನು ಇಷ್ಟು ವರ್ಷ ಮಾಡಿದ್ದೂ ಇದೇ ಅಲ್ಲವೇ ಎಂಬ ವಿಸ್ಮಯ ಅವಳಲ್ಲಿ ಮೂಡಿತು. ಅದು ಅವಳ ಬದುಕಿನ ಅಪರೂಪದ ಸಂತೋಷ.

ಒಂದು ಭಾನುವಾರ ಕೃತಿಕಾ ಹೇಳಿದಳು: “ಬ್ಯಾಕಪ್ ಆಗೈತೆ ಅಂತ ಮಷೀನ್ ಹೇಳಿದ್ರೆ ನಂಬಬ್ಯಾಡ್ರಿ. ತೆಗ್ದು ನೋಡ್ರಿ, ಓದೋಕೆ ಬಂದ್ರಷ್ಟೇ ಅದು ಬ್ಯಾಕಪ್ಪು.” ಮರುದಿನ ಆಶಾರಾಣಿ ಆಸ್ಪತ್ರೆಯ ಬ್ಯಾಕಪ್ ತೆಗೆದು ನೋಡಿದಳು. ಎಂಟು ತಿಂಗಳಿಂದ ಕಡತಗಳಿಗೆ ಹೆಸರಿತ್ತು, ಒಳಗೆ ಒಂದಕ್ಷರವಿರಲಿಲ್ಲ.

“ಸರ್, ನಕಲು ಆಗ್ತಾನೇ ಇಲ್ರಿ” ಎಂದು ರುದ್ರಮುನಿಗೆ ಹೇಳಿದಳು.

“ಹಸಿರು ಲೈಟು ಉರೀತೈತಲ್ಲಮ್ಮ. ನೀವು ಇನ್ನಾ ಪಾಸೇ ಆಗಿಲ್ಲ, ಆಗ್ಲೇ ಕಂಪ್ಯೂಟರ್ ಹಾಕಿಕೊಟ್ಟ ಕಂಪನಿಯೋರಿಗೆ ಪಾಠ ಹೇಳ್ತೀರಾ?”

ಅವಳು ಪತ್ರ ಬರೆದು ಕೊಟ್ಟಳು. ರುದ್ರಮುನಿ ಅದನ್ನು ಯಾವುದೋ ಕಡತದಡಿ ಸರಿಸಿದರು. ಮತ್ತೊಮ್ಮೆ ಕೇಳಲು ಹೋದ ದಿನ, “ಕೆಲಸ ಬ್ಯಾಡಾಗೈತೇನು?” ಎಂದರು. ಅವಳು ಸುಮ್ಮನಾದಳು. ಪರೀಕ್ಷೆ ಹತ್ತಿರ ಬಂದಿತ್ತು.

ಜುಲೈ ತಿಂಗಳ ಒಂದು ಸೋಮವಾರ ಕಂಪ್ಯೂಟರಿನ ಡಿಸ್ಕು ಸುಟ್ಟುಹೋಯಿತು. ಅದರೊಡನೆ ಎಂಟೊಂಬತ್ತು ತಿಂಗಳ ದಾಖಲೆಯೂ. ಯಾವ ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಆಶಾರಾಣಿ ನೆನಪಿನಿಂದಲೇ ಕಾಗದಕ್ಕಿಳಿಸಲು ಕೂತಳು. ಹನ್ನೊಂದು ಹೆಸರು ಬಂದವು. ಹನ್ನೆರಡನೆಯದು ಬರಲಿಲ್ಲ.

ಅದು ಸಾರಥಿ ಎಂಬ ಹಳ್ಳಿಯ ದುರುಗವ್ವನ ಹೆಸರು. ಹಿಂದಿನ ಚಳಿಗಾಲದಲ್ಲಿ ಪೆನಿಸಿಲಿನ್ ಸೂಜಿಯಿಂದ ಮೈಯೆಲ್ಲ ಊದಿ, ಹೇಗೋ ಬದುಕಿ, ಮನೆಗೆ ಹೊರಡುವಾಗ ಕೌಂಟರಿಗೆ ಬಂದು ನಿಂತಿದ್ದಳು. “ಬರ್ಕಂಡ್ಯೇನವ್ವ? ಆ ಔಷಧದ ಹೆಸ್ರು ನನ್ನ ಬಾಯಿಗೆ ಬರಲ್ಲ. ನೀನೇ ನೆನಪಿಟ್ಕ.” ಆಶಾರಾಣಿ ಕಂಪ್ಯೂಟರಿನಲ್ಲಿ ಕೆಂಪಕ್ಷರದಲ್ಲಿ ಬರೆದು, ಬರೆದೆನಲ್ಲ ಎಂಬ ನೆಮ್ಮದಿಯಲ್ಲಿ ಮರೆತಿದ್ದಳು.

ಆಗಸ್ಟಿನಲ್ಲಿ ದುರುಗವ್ವನನ್ನು ನೆರೆಯವರು ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಹೊತ್ತು ತಂದರು. ಮಗ ನಿಂಗರಾಜ್ ಹರಿಹರದಲ್ಲಿ ಕೆಲಸದ ಮೇಲಿದ್ದ. ಸರದಿಯ ಡಾಕ್ಟರು ಅವಳನ್ನು ಹಿಂದೆ ನೋಡಿದವರಲ್ಲ, ಕೇಳಿದರೆ ಹೇಳುವವರಿರಲಿಲ್ಲ, ಕಂಪ್ಯೂಟರಿನಲ್ಲಿ ಹೆಸರೇ ಇರಲಿಲ್ಲ. ಅದೇ ಪೆನಿಸಿಲಿನ್ ಸೂಜಿ ಚುಚ್ಚಿದ ಅರ್ಧ ಗಂಟೆಯಲ್ಲಿ ಮುದುಕಿ ತೀರಿಕೊಂಡಳು. ಆಶಾರಾಣಿ ಅಂದು ರಜೆ ಹಾಕಿ ಕಾಲೇಜಿನಲ್ಲಿ ಕೊನೆಯ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಿದ್ದಳು.

ಮರುದಿನ ಹೆಸರು ಕಿವಿಗೆ ಬಿದ್ದೊಡನೆ ಎಲ್ಲವೂ ನೆನಪಾಯಿತು. ಆ ಹೆಸರು ಕೆಂಪಕ್ಷರದಲ್ಲಿ ಇತ್ತೆಂದು ತಿಳಿದಿದ್ದವಳು ಅವಳೊಬ್ಬಳೇ. ಸುಮ್ಮನಿದ್ದಿದ್ದರೆ ಜಗತ್ತಿಗೆ ಗೊತ್ತಾಗುತ್ತಲೇ ಇರಲಿಲ್ಲ. “ಅನ್ನ ಕೊಟ್ಟ ಜಾಗ, ಸುಮ್ನಿರು” ಎಂದು ಪರಶುರಾಮನೂ ಹೇಳಿದ. ನಾಲ್ಕು ದಿನ ಸುಮ್ಮನಿದ್ದಳು. ಐದನೆಯ ದಿನ ಸಾರಥಿಗೆ ಹೋಗಿ ನಿಂಗರಾಜನ ಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಬರ್ರಿ ಎಂದರೂ ಹೋಗಲಿಲ್ಲ.

“ನಿಮ್ಮವ್ವಗೆ ಆ ಸೂಜಿ ಆಗಲ್ಲ ಅಂತ ನಾನೇ ಬರ್ದಿದ್ದೆ. ಬರ್ದಿದ್ದು ಹೋತು. ಹೋದ್ರೆ ವಾಪಸ್ ಬರಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು.”

ನಿಂಗರಾಜ್ ಕೇಳಿದ: “ಗೊತ್ತಿದ್ದು ಯಾಕ ಸುಮ್ನಿದ್ರಿ?”

“ಹೇಳ್ದೆ, ಬರ್ದೂ ಕೊಟ್ಟೆ. ಆಮ್ಯಾಲೆ ಕೆಲಸ ಹೋಗ್ತೈತೆ ಅಂತ ಹೆದರಿದೆ.”

ಅವನು ಬೈಯಲಿಲ್ಲ. “ಹಂಗಾರೆ ಇದನ್ನ ಬರ್ದು ಕೊಟ್ಟು ಹೋಗ್ರಿ” ಎಂದ. ಹೊರಜಗಲಿಯಲ್ಲಿ ಕೂತು, ಅವನು ತನ್ನ ಮಗಳ ಶಾಲೆಯ ನೋಟುಬುಕ್ಕಿನಿಂದ ಹರಿದು ಕೊಟ್ಟ ಹಾಳೆಯ ಮೇಲೆ, ಅವಳು ಎಲ್ಲವನ್ನೂ ಬರೆದಳು. ಹನ್ನೆರಡನೆಯ ಹೆಸರು ತನಗೆ ನೆನಪಾಗಲಿಲ್ಲ ಎಂಬುದನ್ನೂ ಬರೆದು ಸಹಿ ಮಾಡಿದಳು.

ಆ ಹಾಳೆಯನ್ನಿಟ್ಟು ನಿಂಗರಾಜ್ ದೂರು ಕೊಟ್ಟ, ವಿಚಾರಣೆ ಶುರುವಾಯಿತು. ಅವಳ ಕೆಲಸ ಅದೇ ವಾರ ಹೋಯಿತು. ಅರ್ಧಂಬರ್ಧ ಕಲಿತ ಹೆಂಗಸು ಅಭ್ಯಾಸಕ್ಕೆಂದು ಕೈಯಾಡಿಸಿ ಯಂತ್ರ ಕೆಡಿಸಿದಳೆಂದು ರುದ್ರಮುನಿ ಹೇಳಿಕೆ ಕೊಟ್ಟರು. ಅವಳು ಕೊಟ್ಟ ಪತ್ರ ಯಾವ ಕಡತದಲ್ಲೂ ಸಿಗಲಿಲ್ಲ. ಪ್ರತಿಯನ್ನು ಅವಳೂ ಇಟ್ಟುಕೊಂಡಿರಲಿಲ್ಲ. ಡಿಪ್ಲೊಮಾದಲ್ಲಿ ಪ್ರಥಮ ದರ್ಜೆ ಬಂತು. ಊರಿನ ಯಾವ ಆಸ್ಪತ್ರೆಯೂ ಕರೆಯಲಿಲ್ಲ. ಈಗ ಹರಿಹರದ ಬಸ್ ನಿಲ್ದಾಣದ ಬಳಿ ಖಾಜಾ ಹುಸೇನನ ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿಗಳನ್ನು ಟೈಪು ಮಾಡುತ್ತಾಳೆ. ವಿಚಾರಣೆಯ ವಾಯಿದೆ ಬಂದಾಗಲೆಲ್ಲ ನಿಂಗರಾಜ್ ತನ್ನ ಕಾಗದಗಳನ್ನು ಅಲ್ಲಿಗೇ ತರುತ್ತಾನೆ. ಅವಳು ಟೈಪು ಮಾಡುತ್ತಾಳೆ, ಅವನು ನಿಂತಿರುತ್ತಾನೆ.

ಆಸ್ಪತ್ರೆ, ಕಚೇರಿ, ಶಾಲೆಗಳ ಹಿಂಬದಿಯ ಕೋಣೆಗಳಲ್ಲಿ ನಮ್ಮ ಹೆಸರು, ನಮ್ಮ ರೋಗ, ನಮ್ಮ ಹುಟ್ಟಿದ ದಿನಗಳನ್ನು ಕಾಯುತ್ತ ಕೂತ ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ತಪ್ಪು ಮೊದಲು ಕಣ್ಣಿಗೆ ಬೀಳುವುದು ಅವರಿಗೇ, ಅದನ್ನು ತಿದ್ದುವ ಅಧಿಕಾರವಿಲ್ಲದವರೂ ಅವರೇ. ಒಮ್ಮೆ ಹೇಳಿ ಸುಮ್ಮನಾದ ಮೇಲೆ ಬಹುಪಾಲು ಮಂದಿಗೆ ಮನಸ್ಸು ಹಗುರಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಆ ಕೆಲವರ ಸತ್ಯ ತಡವಾಗಿ ಹೊರಡುತ್ತದೆ, ಸತ್ತವರ ಉಪಯೋಗಕ್ಕೆ ಬರುವುದಿಲ್ಲ, ಹೇಳಿದವರನ್ನೂ ಬಿಡುಗಡೆ ಮಾಡುವುದಿಲ್ಲ. ಇಷ್ಟೆಲ್ಲ ತಿಳಿದೂ ಅವರು ವಿಳಾಸ ಹುಡುಕಿಕೊಂಡು ಹೋಗಿ ಆ ಬಾಗಿಲನ್ನು ತಟ್ಟುತ್ತಾರೆ.